ರಂಗಲಕ್ಷ್ಮಮ್ಮ ಬಂದೂಕು ಹೊತ್ತು ನಡೆದದ್ದು

ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಪೊಲೀಸರಿಗೆ ನೆನಪಾಗುವ ಮೊದಲ ಅಪಾಯಕಾರಿ ಮನುಷ್ಯ ನಾನು. ಅಪ್ಪನ ಕಾಲದ ನನ್ನ ಬಂದೂಕಿನ ನಳಿಗೆಯಲ್ಲಿ ಜೇಡ ಸಂಸಾರ ಹೂಡಿದೆ. ಅದನ್ನು ಎತ್ತಿದರೆ ಉಳುಕುವುದು ನನ್ನ ಭುಜವೇ. ಆದರೂ ಕಾನ್‌ಸ್ಟೆಬಲ್ ಮನೆಗೆ ಬಂದು, ಕಾಫಿ ಕುಡಿದು, ಮತದಾನ ಮುಗಿಯುವವರೆಗೆ ಅದನ್ನು ಠಾಣೆಗೆ ತಂದೊಪ್ಪಿಸುವಂತೆ ಗದರಿಸಿ ಹೋಗುತ್ತಾನೆ. ತೊಂಬತ್ತೊಂಬತ್ತರಲ್ಲೂ ಹಾಗೇ ಆಯಿತು. ಕುಣಿಗಲ್ ಕಡೆಯ ನಮ್ಮ ಹೋಬಳಿ ಠಾಣೆಯಲ್ಲಿ ನನ್ನದರ ಪಕ್ಕದಲ್ಲೇ ರಾಮಾಂಜಿನಯ್ಯನ ಬಂದೂಕೂ ಒರಗಿತ್ತು.

ಈ ರಾಮಾಂಜಿನಯ್ಯ ಬದುವಿನ ಜಗಳದಲ್ಲಿ ಪಕ್ಕದ ಹೊಲದ ರಂಗಲಕ್ಷ್ಮಮ್ಮನವರ ಗಂಡನ ಕಾಲಿಗೆ ಮಚ್ಚು ಬೀಸಿ, ಜೈಲು ಮುಗಿಸಿ ಬಂದವನು. ಶಿಕ್ಷೆಯಾದವನ ಲೈಸೆನ್ಸ್ ರದ್ದುಮಾಡಲು ಕಾನೂನಿತ್ತು; ಮಾಡುವವರಿರಲಿಲ್ಲ. "ಎಲೆಕ್ಷನ್ ಮುಗೀಲಿ, ಬಂದೂಕ್ ಕೈಗ್ ಬರ್ಲಿ, ಇನ್ನೊಂದ್ ಕಾಲೂ ನೋಡ್ಕತೀನಿ" ಎಂದು ಅವನು ಬದುವಿನ ಮೇಲೆ ನಿಂತು ಹೇಳುತ್ತಿದ್ದ. ಅದನ್ನು ವಾಪಸ್ ಕೊಡಬೇಡಿ ಎಂದು ರಂಗಲಕ್ಷ್ಮಮ್ಮ ಠಾಣೆಗೆ ಅಲೆದರು.

"ಅದು ಮಚ್ಚಿನ ಕೇಸಮ್ಮ. ಬಂದೂಕು ಏನ್ ತಪ್ಪು ಮಾಡಿದೆ?" ಎಂದರು ಸಬ್ ಇನ್ಸ್‌ಪೆಕ್ಟರ್ ಶಿವಮೂರ್ತಿ.

"ಮಚ್ನಾಗೆ ಕಾಲ್ ಕಡ್ದೋನು ಬಂದೂಕ್ನಾಗೆ ತೆಂಗಿನ್ಕಾಯಿ ಕೀಳ್ತಾನಾ ಸ್ವಾಮಿ?"

"ಅವನು ಗುಂಡು ಹೊಡುದ್ರೆ ಬಾಮ್ಮ, ತಕ್ಷಣ ಕೇಸ್ ಹಾಕ್ತೀನಿ."

"ಹೊಡುದ್ಮೇಕೆ ನಾನೆಲ್ ಬರ್ಲಿ? ನೀವೇ ಬರ್ಬೇಕು, ಚಟ್ಟ ಹೊರಾಕೆ."

ಚುನಾವಣೆ ಮುಗಿದು ಆಯುಧಪೂಜೆ ಬಂತು. ಠಾಣೆಯವರು ತಮ್ಮ ಬಂದೂಕುಗಳ ಜತೆ ನಮ್ಮವನ್ನೂ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿದರು. ರಾಮಾಂಜಿನಯ್ಯನದಕ್ಕೇ ಎಲ್ಲಕ್ಕಿಂತ ದಪ್ಪ ಚೆಂಡುಹೂವಿನ ಹಾರ. ಎಲ್ಲಕ್ಕೂ ಹಾರ ತಂದುಕೊಟ್ಟವನು ಅವನೇ ತಾನೆ. "ನಾಳೆ ಬಂದು ತಗೊಂಡ್ ಹೋಗಪ್ಪ" ಎಂದರು ಶಿವಮೂರ್ತಿ. ಆಮೇಲೆ ಸಿಬ್ಬಂದಿಯೆಲ್ಲ ಜೀಪಿನ ಮುಂದೆ ಕುಂಬಳಕಾಯಿ ಒಡೆಯುವುದರಲ್ಲಿದ್ದರು, ನಾನು ಕಡ್ಲೆಪುರಿ ತಿನ್ನುವುದರಲ್ಲಿದ್ದೆ. ರಂಗಲಕ್ಷ್ಮಮ್ಮ ಒಳಗೆ ಹೋಗಿ, ಆ ಬಂದೂಕನ್ನು ಹಾರದ ಸಮೇತ ಹೆಗಲಿಗೇರಿಸಿ ಬೀದಿಗಿಳಿದರು.

ಕಾನೂನು ಆಗ ನಿದ್ದೆಯಿಂದೆದ್ದಿತು. ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ, ಲೈಸೆನ್ಸಿಲ್ಲದೆ ಬಂದೂಕು ಹಿಡಿದದ್ದಕ್ಕೆ ಅವರನ್ನು ಹಿಡಿದರು. ಇಂಥ ಓಟ ಓಡಬಲ್ಲ ಪೊಲೀಸರು ನಮ್ಮಲ್ಲಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಹಬ್ಬದ ಸಂತೆಗೆ ಬಂದ ಜನವೆಲ್ಲ ನೋಡಿದ್ದರಿಂದ ಮುಚ್ಚಿಹಾಕಲೂ ಆಗಲಿಲ್ಲ. ಬಂದೂಕು ಕೇಸಿನ ಮಾಲಾಗಿ ಕುಣಿಗಲ್ ಕೋರ್ಟಿನ ವಶಕ್ಕೆ ಹೋಯಿತು. ಕೇಸು ಮುಗಿಯುವವರೆಗೆ ರಾಮಾಂಜಿನಯ್ಯ ಅದರ ಕಡೆ ನೋಡುವಂತಿಲ್ಲ. ಜಾಮೀನಿಗೆ ನಿಂತ ನಾನು ಹೆದರಿ ಎರಡು ಸಲ ತಪ್ಪು ಜಾಗದಲ್ಲಿ ಸಹಿ ಹಾಕಿದೆ; ಆರೋಪಿ ನನಗೆ ಎಲೆಅಡಿಕೆ ಕೊಟ್ಟು ಸಮಾಧಾನ ಮಾಡಿದರು.

ವರ್ಷಗಳು ಕಳೆದವು. ಬೇಸತ್ತ ವಕೀಲರು ಒಂದು ದಿನ, "ಬೇಗ ಮುಗಿಸಿಬಿಡೋಣ್ವಾ ಅಮ್ಮ?" ಎಂದರು.

"ಆತ್ರ ಯಾಕ್ ಬುಡಿ ಸ್ವಾಮಿ," ಎಂದರು ರಂಗಲಕ್ಷ್ಮಮ್ಮ. "ಅವ್ನ್ ಸತ್ಮೇಕೆ ಮುಗ್ಸಾನ."