ತೆಕ್ಕಲಕೋಟೆಯ ದೊಡ್ಡಬಸಮ್ಮನ ಟೀಮು

ಬಳ್ಳಾರಿಯ ಒಂದು ಸಂಸ್ಥೆಯಲ್ಲಿ ವರದಿ ಬರೆಯುವುದು ನನ್ನ ಸಂಬಳದ ಕೆಲಸ. ಆಟಕ್ಕೂ ನನಗೂ ದೂರ. ಶಾಲೆಯಲ್ಲಿ ನನ್ನನ್ನು ಮೈದಾನಕ್ಕೆ ಕರೆಯುತ್ತಿದ್ದದ್ದು ಚಪ್ಪಲಿ ಕಾಯಲಿಕ್ಕೆ. ಅಂಥವನನ್ನು, ಸಂಸ್ಥೆಯೇ ನಡೆಸುವ ಹುಡುಗಿಯರ ಫುಟ್‌ಬಾಲ್ ನೋಡಿ ಬಾ ಎಂದು ಸಿರುಗುಪ್ಪಕ್ಕೆ ಕಳಿಸಿದರು. ಹೋಗಿ ನೋಡಿದರೆ ಮೈದಾನದ ನಟ್ಟನಡುವೆ ಚೂಡಿದಾರದ ಹುಡುಗಿಯರು ದುಂಡಗೆ ಕೂತು ಮಾತಾಡುತ್ತಿದ್ದರು. ಜೊತೆಗೆ ಸೀರೆಯ ಮೇಲೆ ಟೀ ಶರ್ಟ್ ಹಾಕಿಕೊಂಡ ಒಬ್ಬ ಹೆಂಗಸು. ಮಹಿಳಾ ಸಂಘದ ಮೀಟಿಂಗು ಎಂದುಕೊಂಡೆ.

"ಅಮ್ಮಾ, ಮೀಟಿಂಗ್ ಆ ಗಿಡದ ಕೆಳಗೆ ಮಾಡ್ಕೊಳ್ರಿ. ಇಲ್ಲಿ ಮ್ಯಾಚ್ ಇದೆ," ಎಂದೆ, ಅಧಿಕಾರಿಯ ಗತ್ತಿನಲ್ಲಿ.

"ಹೌದ್ರಿ? ಯಾರ್ಯಾರಿಗೆ?"

"ತೆಕ್ಕಲಕೋಟೆಗೂ ಕುರುಗೋಡಿಗೂ."

"ಹಂಗಾರ ಗಿಡದ ಕೆಳಗ ನೀವ ಹೋಗಿ ಕುಂದರ್ರಿ. ಮ್ಯಾಚ್ ಸುರುವಾಗಿ ಕಾಲ್ ತಾಸಾತು."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ಗಿಡದ ಕೆಳಗೆ ಹೋಗಿ ಕೂತೆ.

ಆಕೆಯೇ ದೊಡ್ಡಬಸಮ್ಮ, ತೆಕ್ಕಲಕೋಟೆ ಟೀಮಿನ ಕೋಚು. ಈ ಆಟದ ಪದ್ಧತಿ ಹೊರದೇಶದಿಂದ ಬಂದದ್ದು, ಈಗ ಎಷ್ಟೋ ದೇಶಗಳ ಮಕ್ಕಳು ಹೀಗೇ ಆಡುತ್ತಾರಂತೆ. ಇದರಲ್ಲಿ ರೆಫರಿ ಇಲ್ಲ. ಮೊದಲು ಎರಡೂ ಟೀಮಿನವರು ಕೂತು ಆ ದಿನದ ನಿಯಮಗಳನ್ನು ತಾವೇ ಮಾಡಿಕೊಳ್ಳಬೇಕು. ಆಮೇಲೆ ಆಟ. ಕೊನೆಗೆ ಮತ್ತೆ ಕೂತು, ಯಾರು ಎಷ್ಟು ನ್ಯಾಯವಾಗಿ ಆಡಿದರು ಎಂದು ಅಂಕ ಕೊಡಬೇಕು. ಎದುರಿನವರಿಗೆ ಮೊದಲೇ ಹೇಳದ್ದನ್ನು ಮೈದಾನದಲ್ಲಿ ಮಾಡುವಂತಿಲ್ಲ.

ದೊಡ್ಡಬಸಮ್ಮ ಸಿರಿಗೇರಿಯಲ್ಲಿ ಹುಟ್ಟಿದವಳು. ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಮದುವೆ. "ನನ್ನ ಯಾರೂ ಕೇಳ್ಲಿಲ್ರಿ. ಹೊಸ ಸೀರಿ ಉಡಿಸಿದ್ರು, ಹಬ್ಬ ಅಂತ ತಿಳಕಂಡಿದ್ದೆ," ಎಂದಿದ್ದಳು ಒಮ್ಮೆ, ಬದನೆಕಾಯಿ ಹೆಚ್ಚುತ್ತಾ. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಗುರುತಿನವರು ಜೊತೆಗಿದ್ದರೆ ಮಾತ್ರ ಹುಡುಗಿಯರನ್ನು ಆಟಕ್ಕೆ ಕಳಿಸುತ್ತೇವೆ ಎಂದು ಮನೆಯವರು ಹಟ ಹಿಡಿದಾಗ, ದಿನಾ ಆ ಮಕ್ಕಳಿಗೆ ಅನ್ನ ಬಡಿಸುವ ಇವಳೇ ಸಿಕ್ಕಳು. ಮೂವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಚೆಂಡು ಒದ್ದಳಂತೆ. ಚೆಂಡು ನಿಂತಲ್ಲೇ ಇತ್ತು, ಚಪ್ಪಲಿ ಗೋಲಾಯಿತು.

ಅವಳ ಟೀಮಿನ ಗೋಲ್‌ಕೀಪರ್ ಮೌನಿಕಾ. ಹದಿನೈದು ವರ್ಷ, ಹತ್ತನೇ ಕ್ಲಾಸು. ಕುರುಗೋಡಿನಲ್ಲಿ ನಡೆದ ಫೈನಲ್ಲಿನಲ್ಲಿ ಒಂದು ಚೆಂಡು ಗೆರೆ ದಾಟಿದ ಮೇಲೆ ಅವಳ ಕೈಗೆ ಸಿಕ್ಕಿತ್ತು. ಯಾರೂ ನೋಡಿರಲಿಲ್ಲ. ಕೊನೆಯ ಮಾತುಕತೆಯಲ್ಲಿ ತಾನೇ ಎದ್ದು ಹೇಳಿದಳು. ಟೀಮು ಸೋತಿತು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಬಸಮ್ಮ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟಳು.

ಅದೇ ತಿಂಗಳು ಮನೆಯಲ್ಲಿ ಮೌನಿಕಾಳ ಮದುವೆಯ ಮಾತು ಬಂತು. ವರ ಸೋದರಮಾವ, ಗಡಿಯಾಚೆ ಆಂಧ್ರದ ಆಲೂರು ಕಡೆಯವನು. ಒಂದು ಶನಿವಾರ ಬೆಳಿಗ್ಗೆ ಮೌನಿಕಾ ತನ್ನ ಅಪ್ಪ ಎರ್ರಣ್ಣನನ್ನೂ ಅವ್ವನನ್ನೂ ಕೂರಿಸಿಕೊಂಡು ಹೇಳಿದಳು: "ಮೊದ್ಲ ಹೇಳ್ತೀನಪ್ಪಾ. ಸೋಮವಾರದೊಳಗ ಈ ಮಾತು ಬಿಡ್ರಿ. ಇಲ್ಲಂದ್ರ ಮಕ್ಕಳ ಸಹಾಯವಾಣಿಗೆ ಫೋನ್ ಮಾಡ್ತೀನಿ."

"ಆತು ಬಿಡವಾ. ಸೋಮವಾರ ಕುಂತು ಮಾತಾಡಾಣ," ಎಂದನಂತೆ ಎರ್ರಣ್ಣ, ಬಹಳ ಮೆತ್ತಗೆ.

ಮೌನಿಕಾ ಓಡಿ ಬಂದು ದೊಡ್ಡಬಸಮ್ಮನಿಗೆ ಹೇಳಿದಳು. "ಚಲೋ ಮಾಡಿದಿ. ಹಿಂಗ ಮಾಡ್ಬೇಕು," ಎಂದು ಇವಳು ಬೆನ್ನು ತಟ್ಟಿದಳು. ಆಮೇಲೆ ನನಗೆ ಫೋನ್ ಮಾಡಿದಳು. ನಾನಂತೂ ಊಟ ಬಿಟ್ಟು ಟೈಪ್ ಮಾಡಲು ಕೂತೆ. 'ಮೈದಾನದಿಂದ ಮನೆಗೆ' ಎಂದು ಶೀರ್ಷಿಕೆ ಕೊಟ್ಟು, ಸೋಮವಾರದ ತನಕ ಕಾಯುವ ತಾಳ್ಮೆಯೂ ಇಲ್ಲದೆ, ಅವತ್ತೇ ದೊಡ್ಡ ಆಫೀಸಿಗೆ ಕಳಿಸಿದೆ. ಸಾಹೇಬರಿಂದ ಶಹಬಾಸ್‌ಗಿರಿಯೂ ಬಂತು.

ಭಾನುವಾರ ಬೆಳಿಗ್ಗೆ ಎರ್ರಣ್ಣನ ಮನೆಗೆ ಬೀಗ. ಹುಡುಗಿಯನ್ನು ಆಟೋದಲ್ಲಿ ಗಡಿ ದಾಟಿಸಿ, ಮಧ್ಯಾಹ್ನದೊಳಗೆ ಒಂದು ಗುಡಿಯಲ್ಲಿ ತಾಳಿ ಕಟ್ಟಿಸಿದ್ದರು. ಬೀಗ ಕಂಡ ಕೂಡಲೇ ದೊಡ್ಡಬಸಮ್ಮ ತಾನೇ ಸಹಾಯವಾಣಿಗೆ ಫೋನ್ ಮಾಡಿದಳು. ಸೋಮವಾರ ಅಧಿಕಾರಿಗಳು ಬಂದರು, ಕೇಸಾಯಿತು, ಅದು ಇನ್ನೂ ನಡೆಯುತ್ತಿದೆ. ಹುಡುಗಿ ಮಾತ್ರ ಗಂಡನ ಮನೆಯಲ್ಲೇ ಇದ್ದಾಳೆ.

ಹದಿನೈದು ದಿನ ಕಳೆದ ಮೇಲೆ ದೊಡ್ಡಬಸಮ್ಮ ಬಸ್ಸು ಹಿಡಿದು ಹೋಗಿ ಅವಳನ್ನು ನೋಡಿ ಬಂದಳು. ಮೌನಿಕಾ ಕುಡಿಯಲು ನೀರು ತಂದುಕೊಟ್ಟು ಒಂದೇ ಮಾತು ಕೇಳಿದಳಂತೆ: "ಅಕ್ಕಾ, ನೀ ಹೇಳಿದಂಗ ಮಾಡಿದ್ನಲ್ಲಾ?"

ದೊಡ್ಡಬಸಮ್ಮ ನೀರು ಕುಡಿದು ಎದ್ದು ಬಂದಳು. ಆ ವಾರ ಎರಡು ಸಲ ಸಾಂಬಾರಿಗೆ ಉಪ್ಪು ಹಾಕುವುದನ್ನು ಮರೆತಳು.

ಇತ್ತ ನನ್ನ ಬರಹ ಸಂಸ್ಥೆಯ ಪುಸ್ತಿಕೆಯಲ್ಲಿ ಬಣ್ಣದಲ್ಲಿ ಅಚ್ಚಾಯಿತು, ಇಂಗ್ಲಿಷಿಗೂ ಹೋಯಿತು. ಅಚ್ಚಾಗದಂತೆ ತಡೆಯಲು ನನಗೆ ಎರಡು ತಿಂಗಳು ಸಮಯವಿತ್ತು. ಕೆಲಸ ಖಾಯಂ ಆಗುವ ಹೊತ್ತಿನಲ್ಲಿ ಬಾಯಿ ಬಿಡುವಷ್ಟು ಗಂಡಸು ನಾನಲ್ಲ.

ಕಳೆದ ತಿಂಗಳು ಬಳ್ಳಾರಿಯಲ್ಲಿ ಕೋಚುಗಳ ಸಭೆ. ಹೊರದೇಶದಿಂದ ಬಂದಿದ್ದ ಒಬ್ಬ ಮೇಡಂ ಪುಸ್ತಿಕೆ ತೆರೆದು, ಈ ಹುಡುಗಿ ಹೇಗಿದ್ದಾಳೆ ಎಂದು ದೊಡ್ಡಬಸಮ್ಮನನ್ನು ಕೇಳಿದರು. ಅನುವಾದಿಸಬೇಕಾದವನು ನಾನೇ.

"ಏನ್ ಬರದೀರಿ ಇದ್ರಾಗ?" ದೊಡ್ಡಬಸಮ್ಮ ನನ್ನ ಕಡೆ ತಿರುಗಿದಳು.

"ಮದುವೆ ನಿಂತಿತು ಅಂತ," ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದಳು. ನಾನು ಒಂದು ಅಕ್ಷರವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ನನ್ನ ಹೆಸರು ಬಂದಲ್ಲಿ ದನಿ ಸ್ವಲ್ಪ ತಗ್ಗಿತು. ಸಾಹೇಬರು ಫ್ಯಾನಿನ ಕಡೆ ನೋಡುತ್ತಿದ್ದರು.

ಮೇಡಂ ಪುಸ್ತಿಕೆ ಮುಚ್ಚಿಟ್ಟು ಕೇಳಿದರು: ಹಾಗಾದರೆ ನೀವು ಈಗಲೂ ಹುಡುಗಿಯರಿಗೆ, ಮೊದಲು ಎದುರಿನವರಿಗೆ ಹೇಳಿ ಎಂದೇ ಕಲಿಸುತ್ತೀರಾ?

"ಮೈದಾನದಾಗ ಹಂಗ ಕಲಸ್ತೀನ್ರಿ," ಎಂದಳು ದೊಡ್ಡಬಸಮ್ಮ. "ಮನ್ಯಾಗ ಮಾತ್ರ ಬಾಯಿ ಮುಚ್ಕಂಡು ಮೊದ್ಲು ಫೋನ್ ಮಾಡ್ರಿ ಅಂತೀನಿ."