ಖೈರುನ್ನಿಸ ಕಳುಹಿಸದೆ ಇಟ್ಟ ಅರ್ಜಿ

ಗಲ್ಫಿನ ಬನಿಯಾಸ್ ಪಟ್ಟಣದ ಓಣಿಗಳಿಗೆ ಇನ್ನೂ ಬಿಸಿಲು ಇಳಿದಿಲ್ಲ. ಸುಬಹಿ ನಮಾಜು ಮುಗಿಸಿ ಬಂದ ಖೈರುನ್ನಿಸ ಟೈಪಿಂಗ್ ಸೆಂಟರಿನ ಶಟರ್ ಎತ್ತಿ, ಎಸಿ ಹಾಕಿ, ಕೀಬೋರ್ಡಿನ ಮೇಲೆ ಕೂತ ಮರಳಿನ ಹುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ‘ಬಿಸ್ಮಿಲ್ಲಾ’ ಎಂದು ಕಂಪ್ಯೂಟರಿನ ಗುಂಡಿ ಒತ್ತಿದರೆ ನಿನ್ನೆಯ ಅರ್ಜಿಯೊಂದು ಹಾಗೇ ನಿಂತಿದೆ. ಹೆಸರು ಉಬೈದ್, ವಯಸ್ಸು ಹದಿನೆಂಟು. ಕಾಯಿಲೆ ಉಂಟೇ ಎಂಬ ಸಾಲಿನ ಮುಂದೆ ಏನೂ ಇಲ್ಲ. ಸೈನಿಕ ಸೇವೆಯ ನೋಂದಣಿಗೆ ಇವತ್ತೇ ಕೊನೆಯ ದಿನ.

ಸರಕಾರಿ ಕಾಗದಗಳನ್ನು ಅರಬಿಯಲ್ಲಿ ತುಂಬಿಕೊಡುವುದು ಈ ಅಂಗಡಿಯ ಕೆಲಸ. ಪರದೆಯ ಈಚೆಗೆ ಹೆಂಗಸರ ಕೌಂಟರು. ಅಲ್ಲಿ ಹನ್ನೆರಡು ವರ್ಷದಿಂದ ಖೈರುನ್ನಿಸ ಒಬ್ಬರೇ. ದಿನಕ್ಕೆ ಮೂವತ್ತು, ಕೆಲವೊಮ್ಮೆ ನಲವತ್ತು ಅರ್ಜಿ. ಬಾಡಿಗೆ ಕರಾರು, ಮನೆಗೆಲಸದವಳ ವೀಸಾ, ಕೂಸಿನ ಜನನ ಪತ್ರ. ಈಚೆಗೆ ಇನ್ನೊಂದು ಸೇರಿದೆ. ಹೋದ ವರ್ಷ, 2014ರಲ್ಲಿ, ಈ ದೇಶದ ಹುಡುಗರಿಗೆ ಸೈನಿಕ ಸೇವೆ ಕಡ್ಡಾಯವಾದಂದಿನಿಂದ ಮಕ್ಕಳ ಕಾಗದ ಹಿಡಿದು ತಾಯಂದಿರು ಬರುತ್ತಾರೆ.

ಖೈರುನ್ನಿಸರ ಊರು ಉಳ್ಳಾಲದ ಕಡೆ. ಅರಬಿ ಕಲಿತದ್ದು ಮದರಸದಲ್ಲಿ. ಈ ಅಂಗಡಿಯಲ್ಲಿ ಮೊದಲು ಟೈಪ್ ಮಾಡುತ್ತಿದ್ದವರು ಗಂಡ. ಅವರು ತೀರಿಕೊಂಡ ಮೇಲೆ ಇದ್ದ ಒಂದೇ ದಾರಿ ಇದು. ಮಕ್ಕಳಿಲ್ಲ. ಈಗಿರುವ ಬಾಡಿಗೆ ಕೋಣೆಯ ಇನ್ನೊಂದು ಮಂಚ ರಾತ್ರಿಪಾಳಿಯ ನರ್ಸ್ ಸಿಸಿಲಿಯಾ ಅವರದ್ದು. ಒಬ್ಬರು ಬರುವಾಗ ಇನ್ನೊಬ್ಬರು ಹೊರಟಿರುತ್ತಾರೆ. ಮಾತೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. “ನಿನ್ನೆ ಬರೆದಿದ್ದರು, ‘ಮೀನು ಸಾರು ಉಂಟು, ತಿನ್ನಿ’ ಅಂತ. ನಾನು ‘ಉಪ್ಪು ಕಮ್ಮಿ’ ಅಂತ ಬರೆದಿಟ್ಟು ಬಂದೆ. ಇಷ್ಟೇ ನಮ್ಮ ಜಗಳ” ಎಂದು ಖೈರುನ್ನಿಸ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ನಿನ್ನೆ ಉಬೈದನ ತಾಯಿ ಮಗನನ್ನು ಬಿಟ್ಟು ಒಬ್ಬರೇ ಬಂದಿದ್ದರು. ಹನ್ನೆರಡನೇ ವಯಸ್ಸಿನಿಂದ ಅವನಿಗೆ ಮೂರ್ಛೆ ರೋಗ, ದಿನಕ್ಕೆ ಎರಡು ಹೊತ್ತು ಮಾತ್ರೆ. ಹಾಗೆಂದ ವೈದ್ಯರ ಪತ್ರವನ್ನು ತೋರಿಸಿ, ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡು, “ಇಲ್ಲ ಅಂತ ಬರಿ. ಓಣಿಯ ಹುಡುಗರೆಲ್ಲ ಹೋಗುವಾಗ ಇವನೊಬ್ಬ ಮನೆಯಲ್ಲಿ ಕೂತರೆ ಹೆಣ್ಣು ಕೊಡುವವರು ಯಾರು?” ಎಂದರು. ಖೈರುನ್ನಿಸರ ಬೆರಳು ಏಳಲಿಲ್ಲ. ಯಾರ ಹೆಸರಿನ ಅರ್ಜಿಯೋ ಅವರಿಗೇ ಓದಿ ಹೇಳದೆ ತಾನು ಕಳುಹಿಸುವುದಿಲ್ಲ, ಹುಡುಗನನ್ನು ಕರೆತನ್ನಿ ಎಂದುಬಿಟ್ಟರು.

ಸೆಂಟರಿನ ಮ್ಯಾನೇಜರ್ ಮುಝಮ್ಮಿಲ್ ಊರಿನವರೇ. ಪರದೆಯಾಚೆಯಿಂದ ಅವರ ಸ್ವರ ಬಂತು: “ಖೈರಕ್ಕ, ನೀವು ಯಾವಾಗ ಡಾಕ್ಟರ್ ಆದದ್ದು ಮಾರಾಯ್ರೆ? ಹೇಳಿದ್ದು ಟೈಪ್ ಮಾಡಿ, ಖಲಾಸ್. ಗಿರಾಕಿ ಹೋದರೆ ನಿಮ್ಮ ಕುರ್ಚಿಯೂ ಹೋದೀತು.”

ಈ ಹಟದ ಹಿಂದೆ ಒಂದು ತಪ್ಪಿದೆ. ಹೊಟ್ಟೆಪಾಡಿಗೆ ಬಂದ ನಮ್ಮವರಿಗೆ ಕಾಯಿಲೆಯೆಂದರೆ ಭಯ. ವೀಸಾದ ಕಾಗದದಲ್ಲಿ ಅದು ಕಾಣಿಸಿದರೆ ಊರಿನ ವಿಮಾನವೇ ಗತಿ ಎಂದು ಎಲ್ಲರೂ ನಂಬಿದವರು. ಕೇಳುವ ಮೊದಲೇ ಬೆರಳು ‘ಇಲ್ಲ’ ಎಂದು ಒತ್ತುತ್ತದೆ. ಹೋದ ವರ್ಷ ಉಬ್ಬಸದ ಹುಡುಗನೊಬ್ಬನ ಅಜ್ಜಿ ಬಂದಾಗಲೂ ಹಾಗೇ ಆಯಿತು. “ಅಜ್ಜಿ ಉಬ್ಬಸ ಅಂತ ಹೇಳಿಯೇ ಹೇಳಿದ್ದರು. ಪಾಪ, ಹುಡುಗನ ದಾರಿ ಯಾಕೆ ಹಾಳು ಮಾಡುವುದು ಅಂತ ನಾನೇ ‘ಇಲ್ಲ’ ಹಾಕಿದೆ. ಉಪಕಾರ ಮಾಡಿದೆ ಅಂತಲೇ ಎಣಿಸಿದ್ದು! ಸೈನ್ಯಕ್ಕೆ ಹೋಗುವ ಇಲ್ಲಿನ ಹುಡುಗರಿಗೆ ‘ಉಂಟು’ ಅಂತ ಬರೆದರೇ ರಕ್ಷೆ ಅಂತ ನನಗೆ ಹೊಳೆಯಲೇ ಇಲ್ಲ. ತರಬೇತಿಯ ಮೂರನೇ ವಾರಕ್ಕೆ ಹುಡುಗ ಉಸಿರು ಸಿಗದೆ ಆಸ್ಪತ್ರೆ ಸೇರಿದ. ಅಲ್ಲಾಹು ಉಳಿಸಿದ. ಆದರೆ ಒತ್ತಿದ್ದು ಈ ಬೆರಳಲ್ಲವಾ?” ಆ ಮಾತನ್ನು ಅವರು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ.

ಎಂಟೂವರೆಗೆ ಬಾಗಿಲು ತೆರೆಯುತ್ತದೆ. ಮುಂದೆ ತಾಯಿ, ಹಿಂದೆ ಉದ್ದ ಕೈಕಾಲಿನ ಉಬೈದ್. ತಾಯಿ ಕೂರುವುದಿಲ್ಲ. “ಯಲ್ಲಾ, ಬೇಗ ಓದು.”

ಖೈರುನ್ನಿಸ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ನಿಧಾನಕ್ಕೆ ಓದುತ್ತಾರೆ. ಆ ಸಾಲು ಬಂದಾಗ ನಿಲ್ಲಿಸಿ, “ಇಲ್ಲಿ ಏನು ಬರೆಯಲಿ ಮಗಾ?” ಎಂದು ಅರಬಿಯಲ್ಲಿ ಕೇಳುತ್ತಾರೆ.

ಉಬೈದ್ ನೆಲ ನೋಡುತ್ತಾನೆ. “ನನಗೆ ಹೋಗಬೇಕು ಖಾಲಾ. ಗೆಳೆಯರೆಲ್ಲ ಹೋಗುತ್ತಿದ್ದಾರೆ.”

“ಹೋಗಬಹುದೋ ಇಲ್ಲವೋ ಅಲ್ಲಿನ ವೈದ್ಯರು ನೋಡಲಿ. ಬಂದೂಕು ಹಿಡಿದಾಗ ಬಿದ್ದರೆ ಪಕ್ಕದಲ್ಲಿ ನಿಂತವನ ಗತಿ?”

ಹುಡುಗ ತಾಯಿಯ ಚೀಲಕ್ಕೆ ತಾನೇ ಕೈಹಾಕಿ ವೈದ್ಯರ ಪತ್ರ ತೆಗೆದು ಮೇಜಿನ ಮೇಲಿಡುತ್ತಾನೆ. “ಉಂಟು ಅಂತ ಬರೆಯಿರಿ.” ತಾಯಿ ಚೀಲ ಎಳೆದುಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂರುತ್ತಾರೆ.

ಅರ್ಜಿ ಹೋಗುತ್ತದೆ. ಮುಝಮ್ಮಿಲ್ ಪರದೆ ಸರಿಸಿ, “ಒಂದು ಮನೆಯ ಗಿರಾಕಿ ಹೋಯಿತು, ಸಮಾಧಾನ ಆಯ್ತಾ?” ಎಂದು ಗೊಣಗಿ ಮರಳುತ್ತಾರೆ.

“ಆ ತಾಯಿ ಇನ್ನು ನನ್ನ ಮುಖ ನೋಡಲಿಕ್ಕಿಲ್ಲ” ಎನ್ನುತ್ತಾರೆ ಖೈರುನ್ನಿಸ, ಮುಂದಿನವರ ಕಾಗದಕ್ಕೆ ಕೈಚಾಚುತ್ತಾ. “ಅಡ್ಡಿ ಇಲ್ಲ. ಆ ಹುಡುಗ ಬೀಳುವುದಾದರೆ ಮನೆಯಲ್ಲೇ ಬೀಳಲಿ, ಹಿಡಿಯಲಿಕ್ಕೆ ಒಬ್ಬರು ಇರುವಲ್ಲಿ.”