ಮೊಮ್ಮಗಳ ಆಡ್-ಆನ್, ಮುತ್ಯಾನ ವಿಭೂತಿ

ಸಿಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ತಪ್ಪು ಮಾಡಿರಲಿಲ್ಲ! ತಪ್ಪು ಮಾಡಿದವನು ನಾನು!

ಅರವತ್ತೆಂಟು ವರ್ಷದಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ. ಸಿಕ್ಕಿಬಿದ್ದು ಇಷ್ಟು ಖುಷಿಯಾದದ್ದು ಇದೇ ಮೊದಲು. ಭಾನುವಾರ ಸಂಜೆ ನಮ್ಮ ಉಪ್ಪಲ್ ಮನೆಯ ಹಾಲಿನಲ್ಲಿ ಲುಂಗಿ ಎತ್ತಿ ಕಟ್ಟಿ ಕುಣಿದೆ ಅಂದರೆ ನಂಬುತ್ತೀರಾ? ಮೊಣಕಾಲು ನೋವಿದೆ ಅನ್ನುವುದು ಸೋಮವಾರ ನೆನಪಾಯಿತು. (ಇವತ್ತು ಬುಧವಾರ. ಇನ್ನೂ ನೆನಪಿದೆ.)

ಈಗ ಮೊದಲಿನಿಂದ ಹೇಳುತ್ತೇನೆ.

ಮೊಮ್ಮಗಳ ಹೆಸರು ಭೂಮಿಕಾ. ಒಂಬತ್ತನೇ ಕ್ಲಾಸು. ನನ್ನ ಮಗ ಶರಣನ ಒಬ್ಬಳೇ ಮಗಳು. ಶರಣ ಮಾದಾಪುರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಾನೆ. ಆ ಕಡೆಯ ಗಾಜಿನ ಕಟ್ಟಡಗಳು ಏಳುವಾಗ ಒಳಗೋಡೆಗೆ ಗಿಲಾವು ಮಾಡಿದವರಲ್ಲಿ ನಾನೂ ಒಬ್ಬ. ನಾನು ಗೌಂಡಿ. ಲಿಂಗಸೂರು ಕಡೆಯಿಂದ ಕರಣಿ ಹಿಡಿದು ಈ ತೆಲುಗರ ಊರಿಗೆ ಬಂದವನು. ಶಾಲೆ ನಾಲ್ಕನೇ ಕ್ಲಾಸಿಗೇ ಸಾಕು ಅನ್ನಿಸಿತು. (ನನಗಲ್ಲ, ಮಾಸ್ತರರಿಗೆ.)

ನಮ್ಮ ಮನೆಯಲ್ಲಿ ಒಂದು ಡಬ್ಬಿ ಇದೆ. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಟಿವಿ ಪಕ್ಕದ ಗೂಡಿನಲ್ಲಿ ಹಸಿರು ಕಣ್ಣು ಮಿಟುಕಿಸುತ್ತಾ ಕೂತಿರುತ್ತದೆ. ಶರಣ ಅದಕ್ಕೆ ಹೋಮ್ ಸರ್ವರ್ ಅನ್ನುತ್ತಾನೆ. ನಮ್ಮಾಕಿ ಅದಕ್ಕೆ 'ಸಣ್ಣ ಸೊಸಿ' ಅನ್ನುತ್ತಾಳೆ. ಮನೆಕೆಲಸ ಮಾಡುತ್ತದೆ, ಎದುರು ಮಾತಾಡುವುದಿಲ್ಲ ಅಂತ. (ದೊಡ್ಡ ಸೊಸೆ, ಅಂದರೆ ಶರಣನ ಹೆಂಡತಿ ಸುಜಾತಾ, ಈ ಅಂಕಣ ತಪ್ಪದೆ ಓದುತ್ತಾಳೆ. ಅವ್ವಾ, ಮಾತು ನಿಮ್ಮ ಅತ್ತೆಯದು, ನನ್ನದಲ್ಲ.)

ಆ ಡಬ್ಬಿ ಸುಮ್ಮನೆ ತಂದಿಟ್ಟರೆ ಖಾಲಿ ಮನೆ ಇದ್ದಂತೆ. ಒಂದೊಂದು ಕೆಲಸಕ್ಕೆ ಒಂದೊಂದು ಸಾಫ್ಟ್‌ವೇರ್ ಒಳಗೆ ಸೇರಿಸಬೇಕು. ಪ್ಲಗಿನ್ ಅಂತಾರೆ, ಆಡ್-ಆನ್ ಅಂತಾರೆ. ನನಗೆ ತಿಳಿದದ್ದು ಹೀಗೆ: ಗೋಡೆ ಎದ್ದ ಮೇಲೆ ಬಡಿಗ ಬರುತ್ತಾನೆ, ಕರೆಂಟಿನವನು ಬರುತ್ತಾನೆ, ನಲ್ಲಿಯವನು ಬರುತ್ತಾನೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಒಡೆಯುತ್ತಾನೆ. ಆಮೇಲೆ ಮೂವರೂ ಸೇರಿ ಗೌಂಡಿಯನ್ನು ಬೈಯುತ್ತಾರೆ.

ಬಾಗಿಲ ಕ್ಯಾಮೆರಾಕ್ಕೆ ಒಂದು ಪ್ಲಗಿನ್, ಫೋಟೋ ಇಡಲಿಕ್ಕೆ ಒಂದು. ಇವೆಲ್ಲ ರೆಡಿಮೇಡ್. ನೀರಿನದು ಮಾತ್ರ ನಮ್ಮ ಭೂಮಿ ಸ್ವಂತ ಬರೆದದ್ದು!

ನಮ್ಮ ಕಾಲೊನಿಗೆ ನಲ್ಲಿನೀರು ದಿನ ಬಿಟ್ಟು ದಿನ. ಕೆಳಗಿನ ಸಂಪ್‌ನೊಳಗೆ ಬಿದ್ದದ್ದನ್ನು ಮೋಟರ್ ಹಚ್ಚಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಟ್ಯಾಂಕಿನೊಳಗೆ ಅವಳು ಒಂದು ಸಣ್ಣ ಯಂತ್ರ ತೂಗುಬಿಟ್ಟಿದ್ದಾಳೆ. ನೀರು ಇಳಿಯಿತು ಅಂದರೆ ಅದು ವೈರ್ ಇಲ್ಲದೆ ಸುದ್ದಿ ಕಳಿಸುತ್ತದೆ. ಆ ಸುದ್ದಿ ಹಿಡಿಯಲು ಡಬ್ಬಿಯ ಬೆನ್ನಿಗೆ ಹೆಬ್ಬೆರಳಿನಷ್ಟು ಒಂದು ಕಡ್ಡಿ ಸಿಕ್ಕಿಸಿದೆ. ಆಡ್-ಆನ್ ಆ ಸುದ್ದಿ ಕೇಳಿ ಮೋಟರ್ ಹಚ್ಚುತ್ತದೆ, ತುಂಬಿದ ಮೇಲೆ ಆರಿಸುತ್ತದೆ. ಬೇಸಿಗೆ ರಜೆ ಪೂರ್ತಿ ಕೂತು ಬರೆದಳು. ಆವತ್ತಿನಿಂದ ಮನೆಯಲ್ಲಿ ಯಾರೂ ಮೋಟರ್ ಸ್ವಿಚ್ ಮುಟ್ಟಿರಲಿಲ್ಲ. ಇದನ್ನು ಪಾರ್ಕಿನಲ್ಲಿ ನಾನು ಯಾರ್‍ಯಾರಿಗೆ ಹೇಳಿದೆ ಅಂತ ಕೇಳಬೇಡಿ. ಈಗ ಕೆಲವರು ನನ್ನನ್ನು ಕಂಡರೆ ಬೇರೆ ದಾರಿಯಲ್ಲಿ ವಾಕಿಂಗ್ ಹೋಗುತ್ತಾರೆ.

ಇಂಥ ಡಬ್ಬಿ ದಸರೆಯ ದಿನ ಕೆಟ್ಟಿತು. ಅಂದರೆ, ಕೆಟ್ಟದ್ದು ಅದಕ್ಕೂ ಮೊದಲೇ. ನಮಗೆ ಗೊತ್ತಾದದ್ದು ನಮ್ಮಾಕಿ ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಬಚ್ಚಲಲ್ಲಿ ನಿಂತಾಗ.

"ನೀರ್ ನಿಂತೈತ್ರಿ! ಕಣ್ಣಾಗ ಹೋಗಾಕತ್ತೈತಿ! ಯಾರರ ಬರ್‍ರಿ!"

ಎರಡು ಬಿಸ್ಲೆರಿ ನೀರಿನ ಬಾಟಲಿಯಲ್ಲಿ ತಲೆ ತೊಳೆದುಕೊಂಡು ಹೊರಬಂದಳು. ಆ ಮುಖ ನಾನು ವರ್ಣಿಸುವುದಿಲ್ಲ. ನನಗೆ ಇನ್ನೂ ಆ ಮನೆಯಲ್ಲೇ ಊಟ ಆಗಬೇಕು.

ಮರುದಿನ ಶರಣ ಕೈಯಿಂದ ಮೋಟರ್ ಹಚ್ಚಿದ. ಹಚ್ಚಿ, ಆಫೀಸಿನ ಫೋನ್ ಕಾಲಿನಲ್ಲಿ ಮುಳುಗಿ ಮರೆತ. ಟ್ಯಾಂಕು ತುಂಬಿ ಹರಿದು ಪಕ್ಕದ ಮನೆಯ ಮಾಳಿಗೆಗೆ ಬಿತ್ತು. ಆ ಮನೆಯಾಕೆ ಕಾಂಪೌಂಡಿನಿಂದ ಕೂಗಿದಳು, "ಏಮಂಡೀ, ಬಟ್ಟಲನ್ನೀ ತಡಿಸಿಪೋಯಾಯಿ!" ಒಣಗಿದ್ದ ಬಟ್ಟೆಯೆಲ್ಲ ತೊಯ್ದಿದ್ದವು. ಸುಜಾತಾ ಹೋಗಿ ತೆಲುಗಿನಲ್ಲಿ ಅರ್ಧ ಗಂಟೆ ಸಮಾಧಾನ ಹೇಳಿ ಬಂದಳು.

ಅವತ್ತು ಸಂಜೆ ಶರಣ ಡಬ್ಬಿಯ ಮುಂದೆ ಕೂತ. ರಜೆಯಲ್ಲಿ ತಾನೇ ಒಂದೆರಡು ಪ್ಲಗಿನ್ ಅಪ್‌ಡೇಟ್ ಮಾಡಿದ್ದನಂತೆ. ಅವನ್ನು ತೆಗೆದು ಮತ್ತೆ ಹಾಕಿದ. ಕ್ಯಾಮೆರಾ ನಡೆಯಿತು. ಫೋಟೋ ನಡೆಯಿತು. ನೀರು ಮಾತ್ರ ಇಲ್ಲ.

"ಉಳದವೆಲ್ಲಾ ನಡದಾವ. ನಿಂದೊಂದ ನಿಂತೈತಿ. ಏನ್ ಮಾಡಿದಿ ಭೂಮಿ?"

"ನಾ ಏನೂ ಮುಟ್ಟಿಲ್ಲಪಾ."

"ಮುಟ್ಟಲಾರದ ಕೆಡ್ತದೇನು? ಕೋಡಿನ್ಯಾಗ ಏನರ ಬದ್ಲಿ ಮಾಡಿರ್ತಿ, ನೆನಪ್ ಮಾಡ್ಕೋ."

"ಇಲ್ಲಪಾ, ಖರೇನ ಇಲ್ಲ. ನಾ ಲಾಗ್ ನೋಡ್ತೀನಿ, ಕೊಡಿಲ್ಲಿ..."

"ಬ್ಯಾಡ. ಪರೀಕ್ಷಿ ಬಂತು. ಪುಸ್ತಕ ತಗೊಂಡು ಕೂಡು. ಭಾನುವಾರ ಐದು ಗಂಟೆಗೆ ಎಲೆಕ್ಟ್ರಿಷಿಯನ್ ಬರ್ತಾನ, ರೆಡಿಮೇಡ್ ಸ್ವಿಚ್ ಕೂಡಸ್ತಾನ. ಅದಕ್ಕ ಮೊದಲ ನಿನ್ನ ಆಡ್-ಆನ್ ನಾ ತಗೀತೀನಿ. ಆಟ ಸಾಕು."

ಆಟ! ಎರಡು ತಿಂಗಳು ಬೆವರು ಸುರಿಸಿದ್ದಕ್ಕೆ ಆಟ ಅಂದ. ಆಗ ನಾನು ಏನು ಮಾಡಬೇಕಿತ್ತು? ಮುತ್ಯಾ ಆದವನು ಮಗುವಿನ ಪರ ನಿಲ್ಲಬೇಕಿತ್ತಲ್ಲವೇ? ನಾನು ಅವಳನ್ನು ಪಕ್ಕ ಕೂರಿಸಿಕೊಂಡು ಭಾಷಣ ಮಾಡಿದೆ. "ಪಾಯಾ ಗಟ್ಟಿ ಇಲ್ಲದ ಗ್ವಾಡಿ ಏರಿಸಬಾರದವ್ವಾ" ಅಂತ ಶುರು ಮಾಡಿದವನು ಸಿಮೆಂಟು, ಮರಳು, ಕಬ್ಬಿಣ ಎಲ್ಲಾ ಮುಗಿಸಿ ಪಟಾನ್‌ಚೆರುವಿನಲ್ಲಿ ನಾನು ಕಟ್ಟಿದ ಕಾರ್ಖಾನೆಯ ಕಾಂಪೌಂಡಿನವರೆಗೂ ಬಂದೆ. ಅವಳು ತಲೆ ತಗ್ಗಿಸಿ ಕೇಳಿ, "ಹೂಂ ಮುತ್ಯಾ" ಅಂದಳು. ಅಷ್ಟೇ.

ಶನಿವಾರ ನೋಡಿದರೆ, ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಟ್ಯಾಂಕಿನ ಚಿತ್ರ ಇಲ್ಲ. ಬಣ್ಣದ ಪೆನ್ನಿನಲ್ಲಿ ತಾನೇ ಬರೆದದ್ದು. ಎಲ್ಲಿ ಅಂದೆ. "ಹರದು ಒಗದೆ. ಇನ್ನ ನಾ ಡಬ್ಬಿ ಮುಟ್ಟಂಗಿಲ್ಲ ಮುತ್ಯಾ. ನನಗ ಬರಂಗಿಲ್ಲ ಅದು."

ನನಗೆ ಬರುವುದಿಲ್ಲ! ಈ ಮಾತು ನನಗೆ ಹೊಸದಲ್ಲ ನೋಡ್ರಿ. ನಾಲ್ಕನೇ ಕ್ಲಾಸಿನಲ್ಲಿ ನಾನೂ ಇದೇ ಮಾತು ಹೇಳಿ ಪಾಟಿ ಕೆಳಗಿಟ್ಟು ಬಂದವನು. ಆಮೇಲೆ ಎತ್ತಿಕೊಳ್ಳಲಿಲ್ಲ.

ಭಾನುವಾರ ನಾಲ್ಕು ಗಂಟೆ. ಶರಣ ಹಜಾಮತಿಗೆ ಹೋಗಿದ್ದ. ನಾನು ಚಹಾ ಹಿಡಿದು ಭೂಮಿಯ ಬಳಿ ಹೋದೆ. "ಅವ್ವಾ, ಕಟ್ಟಿದ ಗ್ವಾಡಿ ಬಿದ್ರ ನಾವು ಸುಮ್ನ ಬಿಡಂಗಿಲ್ಲ. ಯಾಕ ಬಿತ್ತು ಅಂತ ನೋಡ್ತೀವಿ. ತಗಿಯೂಕಿಂತ ಮೊದಲ ಒಂದ್ ಸಲ ನೋಡು. ಯಾಕ ಸತ್ತಿತು ಅಂತರ ಗೊತ್ತಾಗ್ಲಿ."

(ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿ ಎಳೆಯುತ್ತಿದ್ದೆ ಅಂತ ಆಗ ಗೊತ್ತಿರಲಿಲ್ಲ.)

ಅವಳು ಮನಸ್ಸಿಲ್ಲದೆ ಲ್ಯಾಪ್‌ಟಾಪ್ ತೆರೆದಳು. ಪರದೆ ತುಂಬಾ ಇರುವೆ ಸಾಲು. "ಇದು ಲಾಗ್ ಮುತ್ಯಾ. ಡಬ್ಬಿ ಬರಕೊಳ್ಳೋ ಡೈರಿ. ಯಾವಾಗ ಏನಾತು ಎಲ್ಲಾ ಇರ್ತೈತಿ." ಬೆರಳಲ್ಲಿ ತಳ್ಳುತ್ತಾ ಹಿಂದಕ್ಕೆ ಹೋದಳು. ಶನಿವಾರ, ಶುಕ್ರವಾರ, ಗುರುವಾರ. ಬುಧವಾರಕ್ಕೆ ಬಂದು ನಿಂತಳು.

"ಇಲ್ಲೈತಿ ನೋಡು. ಕಡ್ಡಿ ಕಾಣವಲ್ದು ಅಂತ ಬರದೈತಿ. ಬುಧವಾರ ಮುಂಜಾನೆ ಹತ್ತೂ ಇಪ್ಪತ್ತಕ್ಕ. ಆಮ್ಯಾಲೆ ಬರೀ ಅದ ಸಾಲು, ಸಾವಿರ ಸಲ. ಕಡ್ಡಿ ಇಲ್ಲ, ಕಡ್ಡಿ ಇಲ್ಲ, ಕಡ್ಡಿ ಇಲ್ಲ... ಬುಧವಾರ ಹತ್ತೂ ಇಪ್ಪತ್ತಕ್ಕ ಏನಿತ್ತು?"

ಏನಿತ್ತು? ಖಂಡೇನವಮಿ ಇತ್ತು, ಆಯುಧಪೂಜೆ!

ಖಂಡೇನವಮಿಗೆ ಗೌಂಡಿ ಏನು ಮಾಡುತ್ತಾನೆ? ಕರಣಿ, ರಸಮಟ್ಟ, ತೂಕದ ಗುಂಡು ಎಲ್ಲಾ ತೊಳೆದು, ವಿಭೂತಿ ಹಚ್ಚಿ, ದೇವರ ಜಗಲಿ ಮೇಲೆ ಸಾಲಾಗಿ ಇಡುತ್ತಾನೆ. ಕೆಲಸ ಬಿಟ್ಟು ಎಂಟು ವರ್ಷವಾದರೂ ನಾನು ಬಿಟ್ಟಿಲ್ಲ. ಈ ಸಲ ಎಲ್ಲರೂ ಹೂವು ತರಲು ಹೋದಾಗ ಒಂದು ವಿಚಾರ ಬಂತು. ಈ ಮನೆಯಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ದುಡಿಯುವ ಸಾಮಾನು ಯಾವುದು? ನನ್ನ ಕರಣಿಯೇ? ಅಲ್ಲ, ಡಬ್ಬಿ. ಅದಕ್ಕೆ ಪೂಜೆ ಬೇಡವೇ?

ಡಬ್ಬಿಯ ಮೈ ಒರೆಸಿದೆ. ಬೆನ್ನಿಗಿದ್ದ ಎರಡು ಕಡ್ಡಿ ಕಿತ್ತೆ. ಒಂದು ಫೋಟೋ ಇರುವುದು, ಇನ್ನೊಂದು ನೀರಿನ ಸುದ್ದಿ ಹಿಡಿಯುವುದು. ಒರೆಸಿದೆ, ಮೂರು ಬೆರಳಿನ ವಿಭೂತಿ ಎಳೆದೆ, ಕರಣಿ ಪಕ್ಕ ಇಟ್ಟು ಕರ್ಪೂರ ಬೆಳಗಿ, ಹತ್ತು ನಿಮಿಷದಲ್ಲಿ ತಿರುಗಿ ಸಿಕ್ಕಿಸಿದೆ. ಎಲ್ಲಿ? ಯಾವ ತೂತಿಗೆ ಸರಿ ಕಂಡಿತೋ ಅಲ್ಲಿ. ನಾಲ್ಕು ತೂತು, ನಾಲ್ಕೂ ಒಂದೇ ಅಳತೆ. ಇಟ್ಟಂಗಿ ಯಾವ ಸಾಲಿಗೆ ಇಟ್ಟರೂ ಇಟ್ಟಂಗಿಯೇ ಅಲ್ಲವೇ? ಮುಂಭಾಗಕ್ಕೆ ಒಂದು ಚೆಂಡು ಹೂವು ಸಿಕ್ಕಿಸಿದ್ದೆ. ಬಂದವರೆಲ್ಲ ನೋಡಿ "ಭಾಳ ಚೆಂದ ಮಾಡೀರಿ" ಅಂದಿದ್ದರು. ಹಿಂಭಾಗ ಗೋಡೆಗಿತ್ತು.

ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅರ್ಧ ನಿಮಿಷ ಸುಮ್ಮನಿದ್ದೆ. ಸುಳ್ಳು ಯಾಕೆ, ಪೂರ್ತಿ ಒಂದು ನಿಮಿಷ. ಪಾಯದ ಭಾಷಣ ಮಾಡಿದ ಬಾಯಿ ಅದು, ಲಗೂನ ತೆರೆಯಲಿಲ್ಲ.

"ಭೂಮಿ, ಆ ಹೊತ್ತಿನ್ಯಾಗ ನಾ ಅದನ್ನ ಕಿತ್ತಿದ್ದೆ."

"ಯಾವುದು?"

"ಕಡ್ಡಿ."

"ಯಾಕ ಮುತ್ಯಾ?"

"ಪೂಜಾಕ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಓಡಿಹೋಗಿ ಡಬ್ಬಿ ತಿರುಗಿಸಿದಳು. ಕಡ್ಡಿಯ ಮೇಲೆ ವಿಭೂತಿ ಮೂರು ಗೆರೆ, ಇಟ್ಟದ್ದು ಇಟ್ಟಂತೆ!

"ಇದು ಎರಡನೇ ತೂತಿನ್ಯಾಗ ಇತ್ತು! ನೀ ನಾಕನೇದ್ರಾಗ ಹಾಕೀದಿ! ಫೋಟೋದ ಕಡ್ಡಿ ಎಲ್ಲಿ ಹಾಕಿದ್ರೂ ನಡೀತೈತಿ. ಇದಕ್ಕ ನಾ ಎರಡನೇ ತೂತಿನ್ಯಾಗ ನೋಡು ಅಂತ ಬರದೀನಿ. ಪಾಪ, ಅದು ನಾಕ್ ದಿನ ಖಾಲಿ ತೂತ ನೋಡ್ಕೋತ ಕುಂತೈತಿ!"

ಕಿತ್ತಳು, ಎರಡನೆಯದಕ್ಕೆ ಹಾಕಿದಳು, ಏನೋ ಒತ್ತಿದಳು. ನಾನು ಎಣಿಸುತ್ತಾ ನಿಂತೆ. ಒಂದು, ಎರಡು, ಮೂರು... ಕೆಳಗಿನಿಂದ ಮೋಟರ್ ಗುಂಯ್ ಅಂತು.

ಕುಣಿದದ್ದು ಆಗಲೇ. ನನ್ನ ಕೂಗಿಗೆ ಎಲ್ಲರೂ ಓಡಿಬಂದರು. ಶರಣನೂ ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. "ತಪ್ಪು ನಂದು! ಕೂಸಿಂದಲ್ಲ, ನಂದು!" ಅಂತ ನಾನು ಕೂಗುತ್ತಿದ್ದರೆ ನಮ್ಮಾಕಿ ಸೊಂಟಕ್ಕೆ ಕೈ ಇಟ್ಟಳು. "ನಲವತ್ತು ವರ್ಷ ಊರ ಮಂದೀ ಗ್ವಾಡಿ ಸಪಾಟ ಮಾಡಿದ್ರಿ. ಮನ್ಯಾಗಿನ ಒಂದ್ ತೂತು ನೆನಪ ಇಡಾಕ ಆಗಲಿಲ್ಲ. ನನ್ನ ಸೀಗಿಕಾಯಿ ಉರಿಗೆ ಲೆಕ್ಕ ಯಾರ್ ಕೊಡ್ತಾರ?"

"ನಿನಗೂ ಪೂಜಿ ಮಾಡ್ತೀನಿ ಬಿಡು" ಅಂದೆ.

"ಬ್ಯಾಡ್ರೀ! ನನ್ನ ಕೈಕಾಲು ಕಿತ್ತು ಬ್ಯಾರೆ ಕಡೆ ಹಚ್ಚೀರಿ!"

ಐದಕ್ಕೆ ಎಲೆಕ್ಟ್ರಿಷಿಯನ್ ಬಂದ. ಚಹಾ ಕುಡಿಸಿ ಕಳಿಸಿದೆವು.

ನಡೆಯಿತಲ್ಲ ಅಂತ ಭೂಮಿ ಎದ್ದುಹೋದಳೇ? ಇಲ್ಲ! ಮತ್ತೆ ಕೂತಳು. "ಮುತ್ಯಾ, ಅರ್ಧ ತಪ್ಪು ನಂದೂ ಐತಿ. ಕಡ್ಡಿಗೆ ತನ್ನದ ಒಂದು ನಂಬರ್ ಇರ್ತೈತಿ. ನಾ ಅದನ್ನ ಬಿಟ್ಟು ಅದು ಕುಂತ ಜಾಗಾ ಬರದಿದ್ದೆ." ನನಗೆ ನನ್ನ ಅಡ್ಡಾ ನೆನಪಾಯಿತು. ಈ ಊರಿಗೆ ಬಂದ ಹೊಸತರಲ್ಲಿ ಕೂಲಿಗೆಂದು ಅಡ್ಡಾದ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಗುತ್ತಿಗೆದಾರ "ಅರೆ, ಕೋನೇವಾಲೇ", ಮೂಲೆಯವನೇ, ಅಂತ ಕರೆಯುತ್ತಿದ್ದ. ಒಂದು ದಿನ ಜಾಗ ಬದಲಿಸಿ ನಿಂತೆ. ನನ್ನ ಮುಂದೆಯೇ ಹಾದುಹೋಗಿ ಮೂಲೆಯಲ್ಲಿ ನಿಂತಿದ್ದ ಇನ್ನೊಬ್ಬನನ್ನು ಕರೆದುಕೊಂಡು ಹೋದ. ಹೆಸರು ಕೇಳಿರಲಿಲ್ಲ, ಪಾಪ, ಅವನ ಆಡ್-ಆನ್ ಹಾಗೆ ಬರೆದಿತ್ತು. ನನ್ನ ಮೊಮ್ಮಗಳು ಅರ್ಧ ಗಂಟೆಯಲ್ಲಿ ತನ್ನದನ್ನು ತಿದ್ದಿದಳು. ಈಗ ಆ ಕಡ್ಡಿ ಯಾವ ತೂತಿನಲ್ಲಿದ್ದರೂ ಅದರ ಗುರುತು ಸಿಗುತ್ತದೆ. ನನ್ನ ಕೈಯಿಂದಲೇ ನಾಲ್ಕೂ ತೂತಿಗೆ ಹಾಕಿಸಿ ಪರೀಕ್ಷೆ ಮಾಡಿದಳು!

ಸುಜಾತಾ ಹೇಳದೆ ಕೇಳದೆ ಗೋಧಿ ಹುಗ್ಗಿ ಇಟ್ಟಿದ್ದಳು. ಏಳೂವರೆಗೆ ಐದೂ ಜನ ಹಾಲಿನಲ್ಲಿ ಸುತ್ತ ಕೂತೆವು. ಶರಣ ಮಾತಿಲ್ಲದೆ ತುಪ್ಪದ ಗಿಂಡಿ ಎತ್ತಿ ಮಗಳ ತಾಟಿಗೆ ಒಂದು ಚಮಚ ಹಾಕಿದ. ಎರಡು ಹಾಕಿದ. ಮೂರನೆಯದಕ್ಕೆ ಅವಳು ತಾಟು ಎಳೆದುಕೊಂಡಳು.

"ಅಪ್ಪಾ, ಬಾಯಿಲೆ ಹೇಳು."

ಶರಣ ನನ್ನ ಕಡೆ ನೋಡಿದ. ನಾನು ಹುಗ್ಗಿಯ ಕಡೆ ನೋಡಿದೆ. ನಮ್ಮ ವಂಶದಲ್ಲಿ ಗಂಡಸರು ಈ ಮಾತು ಆಡಿದ ದಾಖಲೆ ಇಲ್ಲ.

"ತಪ್ಪಾತು ಭೂಮಿ" ಅಂದ ನನ್ನ ಮಗ. "ಕೇಳಬೇಕಿತ್ತು ನಾ. ಕೇಳಲಿಲ್ಲ."

"ನಂದೂ ಅವ್ವಾ" ಅಂದೆ. "ಆ ಪಾಯದ ಮಾತೆಲ್ಲಾ ವಾಪಸ್ ತಗೊಂಡೀನಿ."

"ಪಟಾನ್‌ಚೆರು ಕಾಂಪೌಂಡ್ ಸೈತನಾ?" ಅಂದಳು. ನಮ್ಮಾಕಿ ನಕ್ಕ ನಗುವಿಗೆ ನೆತ್ತಿಗೆ ಹತ್ತಿ ಸುಜಾತಾ ಬೆನ್ನು ತಟ್ಟಬೇಕಾಯಿತು.

ನಾನು ಎರಡನೇ ಸಲ ಹುಗ್ಗಿ ಹಾಕಿಸಿಕೊಂಡು ಸುತ್ತ ನೋಡಿದೆ. ನಾಲ್ಕು ಜನ ದೊಡ್ಡವರು. ನಾಲ್ಕು ದಿನದಲ್ಲಿ ಒಬ್ಬರಾದರೂ ಇನ್ನೊಬ್ಬ ದೊಡ್ಡವರನ್ನು "ನೀವೇನಾದರೂ ಮುಟ್ಟಿದಿರಾ?" ಅಂತ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟಾಗ, ಖರೇ ಹೇಳಿ, ಮೊದಲು ಯಾರ ಮುಖ ನೋಡುತ್ತೀರಿ?